ತಂಗಿಯ ಹೆಸರಿನ ಠೇವಣಿ

ಮಗಳು ಇವತ್ತು ಬೀಜಗಣಿತ ಬಿಡಿಸುತ್ತಿದ್ದಳು: ಶೇಕಡಾ ಹತ್ತರ ಸರಳಬಡ್ಡಿಗೆ ಇಟ್ಟ ಹಣ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆ?

ನಾನು ಶಾಲೆಗೆ ಹೋಗುತ್ತಿದ್ದಾಗ, ನಮ್ಮೂರು ಮೊರಬದ ಮನೆಯ ಪಡಸಾಲೆಯಲ್ಲಿ ಅಪ್ಪ ನನಗೆ ಅದನ್ನೇ ಕೇಳಿದ್ದರು. ಕುರಿ ಮಾರಿದ ಹಣವನ್ನು ಎಂಟು ವರ್ಷದ ನನ್ನ ತಂಗಿ ನೀಲವ್ವನ ಮದುವೆಗೆಂದು ಬ್ಯಾಂಕಿನಲ್ಲಿ ಇಡುವವರಿದ್ದರು. ಅಸಲನ್ನು ಎಕ್ಸ್ ಎಂದುಕೊಂಡೆ. ಎರಡೂ ಕಡೆಯ ಎಕ್ಸ್ ಹೊಡೆದುಹೋಗಿ ಹತ್ತು ಉಳಿಯಿತು.

"ಹತ್ತ ವರ್ಷಪ್ಪಾ."

"ಆಗ ಆಕಿಗೆ ಹದಿನೆಂಟು. ಬರೋಬ್ಬರಿ ಆತು," ಎಂದು ಅಪ್ಪ ತಂಗಿಯ ತಲೆ ಸವರಿದರು.

ಮುಂದಿನ ಬೇಸಿಗೆಯಲ್ಲಿ ನೀಲವ್ವ ಕಾಮಾಲೆಯಿಂದ ಸತ್ತಳು. ಅಪ್ಪ ಠೇವಣಿ ಮುರಿಸಲು ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಇರ್ಲಿ ಬಿಡ್ರಿ. ಅದಾದ್ರೂ ಬೆಳೀಲಿ."

ಅವಧಿ ಮುಗಿದು ಅಪ್ಪ ಹಣ ತಂದ ದಿನ, ಉಡಿ ತುಂಬುವಾಗ ಮದುಮಗಳು ಒಡ್ಡುವಂತೆ ಅವ್ವ ಸೆರಗೊಡ್ಡಿ ಅದನ್ನು ಹಾಕಿಸಿಕೊಂಡಳು.

"ಹದಿನೆಂಟ ತುಂಬಿದ್ವು," ಅಂದಳು.

"ಅಪ್ಪಾ, ಎಕ್ಸ್ ಹೊಡೆದುಹೋದ್ರೂ ಉತ್ತರ ಬರ್ತದೇನು?" ಮಗಳು ಕೇಳಿದಳು.

"ಬರ್ತದವ್ವಾ," ಎಂದೆ.