ಜನವರಿಯ ದಡ, ಆಷಾಢದ ಅಲೆ

ನನ್ನೂರಿನ ಸಮುದ್ರದ ತಳವನ್ನು ಒಂದು ಓರೆ ಗೆರೆಯಾಗಿ ನಾನು ಮೊದಲು ನೋಡಿದ್ದು ಜೆ.ಪಿ. ನಗರದ ಆಫೀಸೊಂದರ ಕಂಪ್ಯೂಟರಿನಲ್ಲಿ. ಕಿಟಕಿಯ ಕೆಳಗೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು. ಕುಡಿಯುವ ನೀರಿಗೇ ಲಾರಿ ಕಾಯುವ ಈ ಊರಿನಲ್ಲಿ ಕೂತು, ಕುಮಟೆಯ ಪಕ್ಕದ ನಮ್ಮ ದಡಕ್ಕೆ ಎಷ್ಟೆತ್ತರದ ತಡೆಗೋಡೆ ಸಾಕೆಂದು ಗಣಿತ ಮಾಡುವುದು ನನ್ನ ಕೆಲಸ.

ಊರಿನವರಾದ ನಿಮಗೆ ಈ ಬೆಂಗಳೂರಿನ ಚೆಂದ ಬರೆಯಬೇಕೆಂದಿದ್ದೆ. ಆಗುತ್ತಿಲ್ಲ, ಸಿಟ್ಟು ಬರುತ್ತದೆ. ಬಾಯಿ ತೆರೆದರೆ "ಮಂಗ್ಳೂರಾ?" ಎನ್ನುತ್ತಾರೆ. ಅಲ್ಲ ಎಂದರೆ "ಎಲ್ಲಾ ಒಂದೇ ಬಿಡಿ" ಎನ್ನುತ್ತಾರೆ. ನಾನಿರುವುದು ಯಡಿಯೂರಿನ ಪೀಜಿಯಲ್ಲಿ. ಪೀಜಿಯೆಂದರೆ ಊಟವೂ ಸೇರಿದ ಬಾಡಿಗೆ ಕೋಣೆ. ಅದರ ಆಂಟಿ ಮೊದಲ ದಿನವೇ ಹೇಳಿದರು: "ಮೀನು ಗೀನು ಒಳಗೆ ತರಬಾರ್ದು ಕಣಮ್ಮ, ಅಕ್ಕಪಕ್ಕದೋರು ಜಗಳಕ್ಕೆ ಬರ್ತಾರೆ." ಅಕ್ಕ ಕಳಿಸಿದ ಒಣ ಬಂಗಡೆಯನ್ನು ಆಫೀಸಿನ ಡ್ರಾಯರಿನಲ್ಲಿ ಬಚ್ಚಿಟ್ಟೆ. ಮಧ್ಯಾಹ್ನದೊಳಗೆ ಇಡೀ ಮಹಡಿಗೆ ಗೊತ್ತಾಯಿತು.

ಇವನ್ನೆಲ್ಲ ನುಂಗಿಕೊಂಡೆ. ದಡದ ವಿಷಯ ನುಂಗಲಾಗಲಿಲ್ಲ.

ಆಳದಿಂದ ಬರುವ ಅಲೆ ದಡದ ಇಳಿಜಾರನ್ನು ಏರುತ್ತ ನಿಧಾನವಾಗುತ್ತದೆ, ಎತ್ತರವಾಗುತ್ತದೆ, ಕೊನೆಗೆ ಒಡೆಯುತ್ತದೆ. ಎಲ್ಲಿ ಒಡೆಯುತ್ತದೆ ಎಂಬುದು ತಳದ ಮರಳಿನ ಮೇಲೆ ನಿಂತಿದೆ. ನಮ್ಮಲ್ಲಿ ಬೇಸಗೆಯಲ್ಲಿ ಮೀನು ಒಣಗಿಸುವ ಜಾಗವನ್ನು ಆಷಾಢದಲ್ಲಿ ಯಾರೂ ನೆಲವೆಂದು ನಂಬುವುದಿಲ್ಲ. ಮರಳನ್ನು ಸಮುದ್ರ ಎಳೆದೊಯ್ದು, ಆಳವೇ ಮನೆಗಳ ಬಳಿಗೆ ಬಂದಿರುತ್ತದೆ. ನಮ್ಮ ಆಫೀಸಿನವರು ದಡ ಅಳೆದದ್ದು ಜನವರಿಯಲ್ಲಿ.

ಜಯನಗರದಲ್ಲೇ ಹುಟ್ಟಿ ಬೆಳೆದ ಮೇಲಧಿಕಾರಿಗೆ ಹೇಳಿದೆ: "ಸಾರ್, ಮಳೆಗಾಲದಲ್ಲಿ ಈ ಮರಳು ಇರೋದೇ ಇಲ್ಲ."

"ಆಗ ಸರ್ವೆ ಬೋಟ್ ಇಳಿಸೋಕಾಗಲ್ಲಮ್ಮ. ಇರೋ ಡೇಟಾದಲ್ಲಿ ಮಾಡು."

"ಬೋಟ್ ಇಳಿಯಲ್ಲ ಅಂದ್ರೆ ಅಲೆನೂ ಬರಲ್ವಾ ಸಾರ್?"

ಕಂಪ್ಯೂಟರಿನ ಮಾಡೆಲಿನಲ್ಲಿ ಮರಳನ್ನು ತಗ್ಗಿಸಿ ಲೆಕ್ಕವನ್ನು ಮತ್ತೆ ಓಡಿಸಿದೆ. ಅಲೆ ಗೋಡೆ ದಾಟಿ ಮೊದಲ ಸಾಲಿನ ಮನೆಗಳಿಗೆ ನುಗ್ಗಿತು. ಆ ಸಾಲಿನಲ್ಲಿ ಅಕ್ಕನ ಮನೆಯಿದೆ. ಮೇಲಧಿಕಾರಿ ಅದನ್ನು ನೋಡಿ, "ಅಳೆಯದೇ ಇರೋ ದಡ ಹಾಕಿದ್ದೀಯ. ಇದು ಮಾಡೆಲಿಂಗ್ ಅಲ್ಲ, ನಿಮ್ಮೂರಿನ ಮೇಲಿನ ಪ್ರೀತಿ" ಎಂದರು. ವರದಿಯಿಂದ ನನ್ನ ಹೆಸರು ತೆಗೆಯಿರಿ ಎಂದೆ. ಅಷ್ಟನ್ನು ಮಾತ್ರ ತಕ್ಷಣ ಮಾಡಿದರು. ವರದಿ ಜನವರಿಯ ದಡದ ಲೆಕ್ಕದೊಂದಿಗೇ ಹೋಯಿತು.

ಕಳೆದ ವಾರ ಅಕ್ಕನ ಫೋನು. "ಗೋಡೆ ಇಷ್ಟೆತ್ತರ ಸಾಕಂತೆ ತಂಗಿ, ನಿಮ್ಮ ಬೆಂಗಳೂರಿನವ್ರೇ ಲೆಕ್ಕ ಮಾಡಿ ಹೇಳಿದ್ರಂತೆ. ನೀನು ಅಲ್ಲೇ ಇದ್ದೀಯಲ್ಲ, ಹಾಗಾಗಿ ಹೆದರಿಕೆ ಇಲ್ಲ."

ಸಾಕಾಗುವುದಿಲ್ಲ, ಮಳೆ ಹಿಡಿಯುವ ಮೊದಲು ಮನೆ ಬಿಡು ಎಂದೆ.

"ಬಿಟ್ಟು ಎಲ್ಲಿಗೆ ಹೋಗಲಿ? ನಿನ್ನ ಬೆಂಗಳೂರಿಗಾ?" ಎಂದು ನಕ್ಕಳು.

ಅದಕ್ಕೇ ನಿಮಗೆಲ್ಲ ಬಹಿರಂಗವಾಗಿ ಬರೆಯುತ್ತಿದ್ದೇನೆ: ಆ ಗೋಡೆಯನ್ನು ನಂಬಬೇಡಿ. ಗಲಾಟೆ ಮಾಡಿ, ಬೆಂಗಳೂರಿನವರನ್ನು ಬಾಯಿಗೆ ಬಂದಂತೆ ಬೈಯಿರಿ. ಬೈಯುವವರ ಸಾಲಿನಲ್ಲಿ ನಾನೂ ಇರುತ್ತೇನೆ, ಬೈಸಿಕೊಳ್ಳುವವರ ಸಾಲಿನಲ್ಲೂ.