ಕೆನೆಬಣ್ಣದ ಸೀರೆ ಮಗ್ಗದಲ್ಲಿದ್ದಾಗ

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆಯಲ್ಲಿ. ಎಣ್ಣೆ ಮಿಲ್ಲುಗಳ ಊರು, ಗಾಳಿ ಬೀಸಿದರೆ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ನಮ್ಮವ್ವ ಮೊದಲು ಬಾಣಲೆಗೆ ಧಾರಾಳವಾಗಿ ಎಣ್ಣೆ ಸುರಿದು, ಆಮೇಲೆ ಯಾವ ತರಕಾರಿ ಎಂದು ಯೋಚಿಸುವವಳು. ಅಂಥ ಮನೆಯ ಹುಡುಗಿ ಮೊಳಕಾಲ್ಮುರಿನ ರೇಷ್ಮೆ ನೇಯುವ ಮನೆಗೆ ಸೊಸೆಯಾಗಿ ಬಂದೆ. ಬಂದ ವಾರದಲ್ಲೇ ಗೊತ್ತಾಯಿತು, ಇಲ್ಲಿ ಎಣ್ಣೆಯನ್ನು ಕಂಡರೆ ಆಗುವುದಿಲ್ಲ.

ಮನೆಯೆಂದರೆ ಉದ್ದನೆಯ ಒಂದೇ ಕೋಣೆ. ಮುಂದೆ ಅತ್ತೆಯ ಮಗ್ಗ, ಹಿಂದೆ ಎದೆಮಟ್ಟದ ಗೋಡೆ, ಗೋಡೆಯಾಚೆ ಗ್ಯಾಸ್ ಒಲೆ. ಸಾಸಿವೆ ಸಿಡಿದರೆ ಎಣ್ಣೆಹನಿ ಎಲ್ಲಿಗೆ ಹಾರುತ್ತದೋ ಹೇಳಲಾಗದು. ಹಾಗಾಗಿ ಮಗ್ಗದಲ್ಲಿ ಯಾವ ಬಣ್ಣವಿದೆಯೋ ಅದಕ್ಕೆ ತಕ್ಕ ಪಲ್ಯ ನಮ್ಮ ಮನೆಯಲ್ಲಿ. ಕಡುನೇರಳೆ ಸೀರೆ ಇದ್ದರೆ ಬೀಟ್‌ರೂಟ್, ಬದನೆಕಾಯಿ ಏನು ಬೇಕಾದರೂ ಆಗುತ್ತಿತ್ತು. ಹಸಿರೋ ಕೆಂಪೋ ಇದ್ದರೆ ಮುಚ್ಚಳ ಮುಚ್ಚಿ ಒಗ್ಗರಣೆ. ತಿಳಿಬಣ್ಣವಾದರೆ ಒಗ್ಗರಣೆಯೂ ಇಲ್ಲ, ಅರಿಶಿನವೂ ಇಲ್ಲ. ಕೋಸಂಬರಿ, ಹಸಿ ಮೂಲಂಗಿ, ಇಲ್ಲವೆಂದರೆ ಬೇಯಿಸಿ ಬಸಿದ ಹುರುಳಿಕಾಯಿಗೆ ಕಾಯಿತುರಿ. ಪಕ್ಕದ ಮನೆಯಾಕೆ ನನ್ನ ತಟ್ಟೆ ನೋಡಿಯೇ ಮಗ್ಗದಲ್ಲಿ ಏನಿದೆ ಎಂದು ಹೇಳಿಬಿಡುತ್ತಿದ್ದಳು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಹಟಕ್ಕೆ ಬಿದ್ದು ಒಗ್ಗರಣೆಯಿಲ್ಲದೆ ರುಚಿ ಕಟ್ಟುವುದನ್ನು ಕಲಿತೆ.

ಆ ಬೇಸಿಗೆಯಲ್ಲಿ ಮಗ್ಗದಲ್ಲಿದ್ದದ್ದು ಕೆನೆಬಣ್ಣದ ಒಡಲು, ಕೆಂಪು ಅಂಚಿನ ಸೀರೆ. ನನ್ನ ನಾದಿನಿಯ ಧಾರೆಗೆ ಉಡಿಸಲು ಅತ್ತೆ ತಮ್ಮ ಕೈಯಾರೆ ನೇಯುತ್ತಿದ್ದರು. ಜೀವಮಾನವೆಲ್ಲ ಊರವರ ಮಕ್ಕಳ ಮದುವೆಗೆ ನೇಯ್ದವರು, ತಮ್ಮ ಮನೆಗೆಂದು ಹಾಸು ಹೂಡಿದ್ದು ಇದೇ ಮೊದಲು. ಸೆರಗು ಮುಗಿದಿತ್ತು, ಒಡಲೂ ಬಹುಪಾಲು ಆಗಿತ್ತು, ನೆರಿಗೆಗೆ ಬರುವ ಭಾಗ ನಡೆಯುತ್ತಿತ್ತು. ಮದುವೆ ಹತ್ತಿರ ಬಂದಿತ್ತು. ಇನ್ನೊಂದು ಸೀರೆ ನೇಯಲು ಹೊತ್ತೂ ಇರಲಿಲ್ಲ, ನೂಲೂ ಇರಲಿಲ್ಲ.

ಅಂಥ ದಿನಗಳಲ್ಲೇ ಅವ್ವ ಮಗಳನ್ನು ನೋಡಲು ಬಂದಳು. ಕೈಚೀಲದಲ್ಲಿ ಎಳೆ ಬದನೆಕಾಯಿ, ಹುರಿದು ಕುಟ್ಟಿದ ಶೇಂಗಾ ಪುಡಿ, ಒಂದು ಬಾಟಲಿ ಎಣ್ಣೆ. ಬಾಟಲಿ ನೋಡಿದ ಕೂಡಲೇ ಅದನ್ನು ಒಲೆಯಿಂದ ದೂರ, ಮೂಲೆಗೆ ಸರಿಸಿದೆ. ಅತ್ತೆ ಮದುಮಗಳನ್ನು ಕರೆದುಕೊಂಡು ಪಕ್ಕದೂರು ಸಿದ್ದಾಪುರದ ನೆಂಟರ ಮನೆಗೆ ಊಟಕ್ಕೆ ಹೊರಟಿದ್ದರು. ಅವ್ವನನ್ನು ಅವರು ತೆಲುಗಿನವರ ರೂಢಿಯಂತೆ 'ವದಿನಾ', ಅಂದರೆ ಅತ್ತಿಗೆ, ಎಂದೇ ಕರೆಯುವುದು. ನಗುತ್ತಲೇ ಮಾತಾಡಿಸಿದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನನಗೆ ಮಾತ್ರ ಕೇಳುವಂತೆ, "ಮಗ್ಗ ಜೋಪಾನ ಅಮ್ಮಾಯಿ," ಎಂದರು. ಅಷ್ಟು ಸಾಕಾಗಿತ್ತು ನನಗೆ.

ನಾನು ಕೋಸಂಬರಿಗೆ ಕೂತೆ. ಎಳೆ ಸೌತೆಕಾಯಿಯ ತುದಿ ಕೊಯ್ದು, ತಿಕ್ಕಿ, ಕಹಿ ತೆಗೆದು ಸಣ್ಣಗೆ ಹೆಚ್ಚಿದೆ. ನೆನೆದ ಹೆಸರುಬೇಳೆ, ತುರಿದ ಮಾವಿನಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕಾಯಿತುರಿ ಎಲ್ಲ ಬೆರೆಸಿದೆ. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ, ಮುಂಚೆಯೇ ಹಾಕಿದರೆ ನೀರು ಬಿಟ್ಟುಕೊಂಡು ಬೇಳೆ ತೇಲುತ್ತದೆ. ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಒಗ್ಗರಣೆ?"

"ಇಲ್ಲ."

"ದಿನಾ ಇಂಗೇ ತಿಂತೀಯಾ? ಮೇಕೆ ಮೇದಂಗೆ?"

"ಈ ಸೀರೆ ಮಗ್ಗದಿಂದ ಇಳಿಯೋ ತನಕ ಇಂಗೇ ಅವ್ವ. ಎಷ್ಟ್ ಸಲ ಹೇಳ್ಲಿ?"

"ಅದ್ಕೇ ಕತ್ತಿನ ಮೂಳೆ ಎದ್ದೈತೆ ನಿಂದು. ಒಂದು ಎಣ್ಣೆಗಾಯಿ ಮಾಡಿದ್ರೆ ಯಾರ ಗಂಟು ಹೋಗ್ತೈತೆ?"

ನನಗೆ ರೇಗಿತು. ನನ್ನ ಮನೆಯಲ್ಲಿ ನಾನು ಏನು ತಿನ್ನಬೇಕೆಂದು ಇವಳ್ಯಾರು ಹೇಳಲು ಎನ್ನಿಸಿತು; ಅದೇ ಹೊತ್ತಿಗೆ ಆ ಬದನೆಕಾಯಿ ನೋಡಿ ಬಾಯಲ್ಲಿ ನೀರೂ ಬಂತು. ಒಲೆ ಮುಟ್ಟಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಅವ್ವ ಬದನೆಕಾಯಿಗಳನ್ನು ಮಡಿಲಿಗೆ ಸುರಿದುಕೊಂಡಳು. ಅವಳು ಸುಮ್ಮನಾದರೆ ಒಪ್ಪಿದಳು ಎಂದಲ್ಲ, ಅದು ನನಗೆ ಗೊತ್ತಿದ್ದದ್ದೇ. ಅಷ್ಟರಲ್ಲಿ ಬೀದಿಯ ನಲ್ಲಿಗೆ ನೀರು ಬಂತೆಂದು ಯಾರೋ ಕೂಗಿದರು. ಬಿಟ್ಟರೆ ಮತ್ತೆ ಯಾವಾಗಲೋ. ಕೊಡ ಎತ್ತಿಕೊಂಡು ಓಡಿದೆ.

ಸಾಲಿನಲ್ಲಿ ನಿಂತಿದ್ದಾಗ ವಾಸನೆ ಬಂತು. ಸಾಸಿವೆ, ಕರಿಬೇವು, ಕಾದ ಶೇಂಗಾ ಎಣ್ಣೆ. ಹುಟ್ಟಿದಾಗಿನಿಂದ ಹಸಿವು ಕೆರಳಿಸುತ್ತಿದ್ದ ಆ ವಾಸನೆಗೆ ಅವತ್ತು ನನ್ನ ಕಣ್ಣ ಮುಂದೆ ಬಂದದ್ದು ಮಗ್ಗ. ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಒಳಗೆ ನುಗ್ಗಿ ನೋಡಿದರೆ ಗ್ಯಾಸ್ ಒಲೆ ತಣ್ಣಗಿತ್ತು, ಮಗ್ಗದ ಮೇಲೆ ನಾನು ಹೊದಿಸಿದ್ದ ಬಟ್ಟೆ ಹಾಗೇ ಇತ್ತು. ಹಿತ್ತಲಲ್ಲಿ, ಸ್ನಾನದ ನೀರು ಕಾಯಿಸುವ ಒಲೆಯ ಮುಂದೆ ಅವ್ವ ಕುಕ್ಕರಗಾಲಲ್ಲಿ ಕೂತಿದ್ದಳು.

"ನಂಗೂ ಅಷ್ಟು ಬುದ್ಧಿ ಐತೆ," ಎಂದಳು, ಬಾಣಲೆಯಿಂದ ಕಣ್ಣು ತೆಗೆಯದೆ.

ನಗು ಬಂತು. ನಿಜವಾಗಿಯೂ ನಕ್ಕೆ. ಹೊಗೆ ಒಳಗೆ ಬಾರದಂತೆ ಹಿತ್ತಲ ಬಾಗಿಲು ಮುಂದೆ ಮಾಡಿ, ಕೊಡ ಯಾರಾದರೂ ಎತ್ತಿಕೊಂಡು ಹೋದಾರೆಂದು ಮತ್ತೆ ನಲ್ಲಿಗೆ ಹೋದೆ. ನೀರು ಹಿಡಿದು ನೆಮ್ಮದಿಯಿಂದಲೇ ವಾಪಸು ಬಂದೆ.

ಅವ್ವ ಮಗ್ಗದ ಮುಂದೆ ನಿಂತಿದ್ದಳು. ಹೊದಿಸಿದ ಬಟ್ಟೆ ಅರ್ಧ ಸರಿದಿತ್ತು. ಬೆನ್ನು ನನ್ನ ಕಡೆಗಿತ್ತು, ಬಲಗೈ ಸೀರೆಯ ಮೇಲಿತ್ತು.

"ಎಷ್ಟು ನುಣುಪೈತೆ ನೋಡೇ," ಎಂದು ಸಣ್ಣ ದನಿಯಲ್ಲಿ ಹೇಳಿದಳು. ಬೀಗಿತ್ತಿಯ ಕೈಕೆಲಸ ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಬದನೆಕಾಯಿಗೆ ಎಣ್ಣೆ, ಪುಡಿ ತುಂಬಿದ ಕೈ. ಸೆರಗಿಗೆ ಒರೆಸಿಕೊಂಡಿದ್ದಳು, ಆದರೆ ಎಣ್ಣೆ ಒರೆಸಿದರೆ ಹೋಗುತ್ತದೆಯೇ? ಕೈ ತೆಗೆದ ಜಾಗದಲ್ಲಿ ಬೆರಳುಗಳ ಗುರುತು ಮೂಡಿತ್ತು. ನಾನು ಕೊಡ ಕೆಳಗಿಟ್ಟೆ. ಅವ್ವ ನನ್ನ ಮುಖ ನೋಡಿದಳು, ಆಮೇಲೆ ಸೀರೆ ನೋಡಿದಳು. ತನ್ನ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

ಒದ್ದೆ ಬಟ್ಟೆ ತರಲು ಹೊರಟವಳು ಅರ್ಧಕ್ಕೆ ನಿಂತೆ, ನೀರು ಸೋಕಿದರೆ ಇನ್ನೂ ಕೆಡುತ್ತದೆ. ನಾದಿನಿಯ ಪೌಡರ್ ಡಬ್ಬಿ ತಂದು ಗುರುತಿನ ಮೇಲೆಲ್ಲ ದಪ್ಪಗೆ ಉದುರಿಸಿದೆ. ಮಧ್ಯಾಹ್ನವೆಲ್ಲ ಇಬ್ಬರೂ ಗೋಡೆಗೊರಗಿ ಕೂತೆವು. ಎಣ್ಣೆಗಾಯಿ ಬಾಣಲೆಯಲ್ಲೇ ಉಳಿಯಿತು, ಕೋಸಂಬರಿ ಬೋಗುಣಿಯಲ್ಲಿ ಬಾಡಿತು. ಅತ್ತೆ ಬರುವ ಮುಂಚೆ ಬಸ್ಸು ಹತ್ತು ಅಂದೆ. ಎಣ್ಣೆ ವಾಸನೆಗೂ ಗುರುತಿಗೂ ನಾನೇ ಹೊಣೆ ಎಂದು ಹೇಳಿಬಿಡೋಣ ಎಂದುಕೊಂಡಿದ್ದೆ. ಅವ್ವ ಕದಲಲಿಲ್ಲ.

"ಮುಟ್ಟಿದ್ದು ನಾನು. ನಾನೇ ಹೇಳಿ ಹೋಗ್ತೀನಿ."

ಸಂಜೆ ಅತ್ತೆ ಬಾಗಿಲಲ್ಲೇ ಎಣ್ಣೆ ವಾಸನೆಗೆ ಮೂಗರಳಿಸಿದರು. ಅವ್ವ ಎದ್ದು ನಿಂತು, "ಅಕ್ಕಾ, ಎಣ್ಣೆಕೈಲಿ ಸೀರೆ ಮುಟ್ಟಿಬಿಟ್ಟೆ. ನಿಮ್ ಸೊಸೆ ಬ್ಯಾಡ ಅಂತ ಹೇಳಿದ್ಲು," ಎಂದಳು. ನಾದಿನಿ ಚೀಲ ಹಿಡಿದುಕೊಂಡೇ ನಿಂತಳು, ಕಣ್ಣು ತುಂಬಿಕೊಂಡಿತು. ಅತ್ತೆ ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು ಸೀರೆಯ ಮೇಲೆ ಬಗ್ಗಿದರು.

"ಉಜ್ಜಿದ್ಯಾ?" ಎಂದು ನನ್ನನ್ನು ಕೇಳಿದರು.

"ಇಲ್ಲ ಅತ್ತೆ. ಪೌಡರ್ ಹಾಕಿದೆ ಅಷ್ಟೇ."

ಅತ್ತೆ ಮೊಬೈಲಿನ ಬೆಳಕು ಆರಿಸಿ, ಮಗ್ಗದ ಮೇಲೆ ಬಟ್ಟೆ ಎಳೆದರು. ಬೈದಿದ್ದರೆ ಹಗುರಾಗುತ್ತಿತ್ತು. ಅವ್ವ ಕೊನೆಯ ಬಸ್ಸಿಗೆ ಹೊರಟಾಗ ಕುಂಕುಮ ಕೊಟ್ಟರು, ಬಾಗಿಲ ತನಕ ಬರಲಿಲ್ಲ.

ಬೆಳಿಗ್ಗೆ ಪೌಡರ್ ಕೊಡವಿ, ಮತ್ತೆ ಹಾಕಿ, ಮತ್ತೆ ಕೊಡವಿದರು. ಗುರುತು ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಗೊತ್ತಿದ್ದವರು ಹುಡುಕಿದರೆ ಕಾಣುತ್ತಿತ್ತು. ಅತ್ತೆ ಲಾಳಿ ಎಸೆಯತೊಡಗಿದರು. ಸೀರೆ ಇಳಿಯುವ ತನಕ ಅವ್ವನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನು ಕೋಸಂಬರಿ ಮಾಡಿದೆ, ಅವರು ತಿಂದರು. ಫೋನ್ ಮಾಡಿದರೆ ಅವ್ವ, ಮದುವೆಗೆ ಬರಲ್ಲ, ಯಾವ ಮುಖ ಇಟ್ಕೊಂಡು ಬರ್ಲಿ ಎನ್ನುತ್ತಿದ್ದಳು. ನಾನು ಅತ್ತೆಯ ಮೇಲೂ ಸಿಟ್ಟಾದೆ, ಅವ್ವನ ಮೇಲೂ ಸಿಟ್ಟಾದೆ.

ಕಡೆಗೂ ಬಂದಳು. ಧಾರೆಯ ಬೆಳಿಗ್ಗೆ ಮದುಮಗಳನ್ನು ಅಲಂಕರಿಸುವ ಕೋಣೆಯ ಮೂಲೆಯಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತಳು. ಹತ್ತಿರ ಹೋದರೆ ಕೈಯಿಂದ ಸೀಗೆಪುಡಿಯ ವಾಸನೆ, ಎಷ್ಟು ಸಲ ತಿಕ್ಕಿ ತೊಳೆದಿದ್ದಳೋ. ಅಡುಗೆಯವರು ಕೋಸಂಬರಿಗೆ ಒಗ್ಗರಣೆ ಹಾಕುತ್ತಿದ್ದ ಸದ್ದು ಆಚೆಯಿಂದ ಕೇಳುತ್ತಿತ್ತು. ಅತ್ತೆ ಸೀರೆ ಬಿಡಿಸಿ ಮಗಳ ಸೊಂಟಕ್ಕೆ ಸುತ್ತಿದರು, ನೆರಿಗೆಗೆ ಬಂದಾಗ ಕೈ ನಿಲ್ಲಿಸಿದರು. ನೆಂಟರ ಹೆಂಗಸರು ನಾ ಹಿಡೀತೀನಿ ಎಂದು ಮುಂದೆ ಬಂದರು.

"ನೀವು ಇರ್ರಿ," ಎಂದು ಅವರನ್ನು ತಡೆದರು ಅತ್ತೆ. "ವದಿನಾ, ಬರ್ರಿ. ನೆರಿಗೆ ನೀವು ಹಿಡೀರಿ."

"ಬ್ಯಾಡ ಅಕ್ಕಾ, ನನ್ ಕೈ..."

"ನಿಮ್ ಕೈಯೇ ಬೇಕು." ಅತ್ತೆ ದನಿ ತಗ್ಗಿಸಿದರು. "ಗುರುತು ಎಲ್ಲೈತೆ ಅಂತ ನಿಮಗಲ್ದೆ ಇನ್ಯಾರಿಗೆ ಗೊತ್ತು? ಒಳಮಡಿಕೆಗೆ ಬರಂಗೆ ಹಿಡೀರಿ."

ಅವ್ವ ಮುಂದೆ ಬಂದಳು. ಮದುಮಗಳ ಪಾದದ ಬಳಿ ಮಂಡಿಯೂರಿ ಕೂತು, ಕೈಯನ್ನು ಇನ್ನೊಮ್ಮೆ ಸೆರಗಿಗೆ ಒರೆಸಿಕೊಂಡಳು.