ಮೊಸರು ಬಿಳುಪು, ಗಿಳಿ ಹಸಿರು

ಅಂಗಡಿಯವರು ಕೊಟ್ಟ ಬಣ್ಣದ ಚೀಟಿಯಲ್ಲಿ ಎರಡು ಚೌಕಗಳಿಗೆ ಗುರುತು ಹಾಕಿದ್ದೆವು: ಮೊಸರು ಬಿಳುಪು ನನ್ನ ಮಗ ಬಸವರಾಜನದು, ಗಿಳಿ ಹಸಿರು ನನ್ನದು. ಇಬ್ಬರೂ ಸೋಲದೆ ಎರಡೂ ಡಬ್ಬಿ ಮನೆಗೆ ಬಂದವು. ಸೊಸೆ ತವರಿನಿಂದ ಐದು ತಿಂಗಳ ಮೊಮ್ಮಗಳನ್ನು ಕರೆದುಕೊಂಡು ಬರುವವಳಿದ್ದಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಕೂಸು. ಹಿಗ್ಗಿಗೆ ನನ್ನ ಕಾಲು ನೆಲದ ಮೇಲಿಲ್ಲ ನೋಡ್ರಿ! ಅಂಥ ಕೂಸಿನ ಕೋಣೆಗೆ ಬಿಳಿ ಬಣ್ಣವೆಂದರೆ ನೀವೇ ಹೇಳ್ರಿ, ಸಿಟ್ಟು ಬರುತ್ತದೋ ಇಲ್ಲವೋ? ಮಾತು ಬಾರದ, ಎದ್ದು ಹೋಗಲಾರದ ಜೀವ. ಹೊತ್ತು ಕಳೆಯಲು ಅದಕ್ಕಿರುವುದು ಗೋಡೆಯೊಂದೇ. ಅದನ್ನೂ ದವಾಖಾನೆಯಂತೆ ಬೋಳು ಮಾಡಿ ಇಡುವುದೇ?

ಬಣ್ಣ ಬಳಿಯುವ ಮುತ್ತಪ್ಪ ಎರಡನ್ನೂ ಗೋಡೆಗೆ ಮೊಳದಗಲ ಹಚ್ಚಿ ತೋರಿಸಿದ. ನನ್ನ ಹಸಿರು ಕೂಗಿಕೊಂಡಂತೆ ಕಂಡಿತು.

"ಅಮ್ಮಾ, ಇದು ಅಂಗಡಿ ಶಟರಿಗೆ ಛಲೋ ಆಕ್ಕೈತ್ರಿ," ಅಂತ ನಕ್ಕ.

"ಅವ್ವಾ, ನಿನ್ನ ಕಣ್ಣು ಈಗ ಮೊದಲಿನಂಗಿಲ್ಲ ಬಿಡು," ಅಂದ ಮಗ.

ಶಟರಿನ ಮಾತು ನುಂಗಿದೆ. ಕಣ್ಣಿನ ಮಾತು ನುಂಗಲಾಗಲಿಲ್ಲ. ಸಾಲಿಗೆ ಎರಡೇ ವರ್ಷ ಹೋದವಳು ನಾನು, ಖರೆ. ಆದರೆ ಬೆಟಗೇರಿಯ ಮಗ್ಗದಲ್ಲಿ ಕೂತು ನಲವತ್ತು ವರ್ಷ ಈ ಕಣ್ಣಿನಿಂದಲೇ ಅನ್ನ ಉಂಡಿದ್ದೇನೆ. ಇದೇ ಹಸಿರು ನೂಲನ್ನು ಎಷ್ಟು ಸೀರೆಗೆ ಹಾಸಿಲ್ಲ! ಗೋಡೆಯನ್ನೇ ದಿಟ್ಟಿಸುತ್ತ ನಿಂತಾಗ ತಪ್ಪು ತಾನಾಗಿ ತಿಳಿಯಿತು. ಸೀರೆಯಲ್ಲಿ ಹಾಸು ಎಂಬ ಉದ್ದದ ನೂಲಿನೊಳಗೆ ಹೊಕ್ಕು ಎಂಬ ಅಡ್ಡ ನೂಲು ಹಾಯುತ್ತದೆ. ಹಸಿರು ಹಾಸಿನಲ್ಲಿ ಬಿಳಿ ಹೊಕ್ಕು ಬಿದ್ದರೆ ಎಂಥ ಗಡುಸು ಬಣ್ಣವೂ ಮೆತ್ತಗಾಗಿ ಸಂಸಾರಕ್ಕೆ ಹೊಂದುತ್ತದೆ. ನಾನು ಚೀಟಿಯಲ್ಲಿ ನೂಲು ಆರಿಸಿದ್ದೆ. ಗೋಡೆಗೆ ಹೊಕ್ಕು ಎಲ್ಲಿಯದು? ಕಣ್ಣು ಹೋಗಿರಲಿಲ್ಲ, ಅದಿನ್ನೂ ಮಗ್ಗದಲ್ಲೇ ಕೂತಿತ್ತು.

"ಆ ಬಿಳಿ ಡಬ್ಬಿ ತಗಿ, ಅದರಾಗ ನನ್ನ ಹಸಿರು ಸುರುವು," ಅಂದೆ.

"ಅಂಥಾ ಬಣ್ಣ ಚೀಟ್ಯಾಗ ಇಲ್ರಿ ಅಮ್ಮಾ! ಕಡಿಮಿ ಬಿದ್ರ ಮತ್ತ ಕಲಸಿದ್ದು ಇದಕ್ಕ ಹೊಂದೂದಿಲ್ಲ," ಅಂದ ಮುತ್ತಪ್ಪ.

"ಚೀಟ್ಯಾಗ ನನ್ನ ಮೊಮ್ಮಗಳೂ ಇಲ್ಲೋ ತಮ್ಮಾ. ನಾ ಸಾಕು ಅನ್ನೂತನಕ ಸುರುವು."

ಸುರುವಿದ, ಕೋಲಿನಿಂದ ತಿರುವಿದ. ಎಳೆ ಜೋಳದ ಸುಳಿಯಂಥ ಬಣ್ಣ ಬಂದಾಗ ಸಾಕೆಂದೆ. ಮಗ ಇನ್ನೊಂದು ಬ್ರಶ್ ಎತ್ತಿಕೊಂಡ. ಎರಡು ಮಾತು ಎದುರಾಡಿದ್ದರೆ ಚೆನ್ನಾಗಿತ್ತು, ನನ್ನ ಸಿಟ್ಟಿನ್ನೂ ತೀರಿರಲಿಲ್ಲ. ಸಂಜೆಗೆ ಬಣ್ಣ ಕಡಿಮೆಯೇ ಬಿತ್ತು. ಬಾಗಿಲ ಹಿಂದೆ ಒಂದು ಗೇಣು ಹಳೆಯ ಸುಣ್ಣದ ಬಿಳಿ ಉಳಿಯಿತು.

"ಅವ್ವಾ, ಇದಕ್ಕೇನ್ ಮಾಡೂದು?"

"ಇರಲಿ ಬಿಡಲೇ, ಅದು ನಿನ್ನ ಪಾಲು. ಮಗಳ್ನ ಎತ್ಕೊಂಡು ಬಾಗಿಲ ಹಿಂದ ನಿಂತು ನಿನ್ನ ಬಿಳಿ ತೋರಸು."